ನಾಲ್ಕು ಕೊನೆಯ ಗೀತೆಗಳು: ಮೊದಲ ಪ್ರದರ್ಶನದ ಧ್ವನಿಮುದ್ರಣ

ನಾಲ್ಕು ಕೊನೆಯ ಗೀತೆಗಳು ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ (1864–1949) ಅವರು ತಮ್ಮ 84ನೆಯ ವಯಸ್ಸಿನಲ್ಲಿ ರಚಿಸಿದ ಗೀತಗುಚ್ಛ. ಸೊಪ್ರಾನೊ, ಅಂದರೆ ಸ್ತ್ರೀಯರ ಅತ್ಯುಚ್ಚ ಶ್ರೇಣಿಯ ಕಂಠ, ಮತ್ತು ಪೂರ್ಣ ಪ್ರಮಾಣದ ವಾದ್ಯವೃಂದಕ್ಕಾಗಿ ಇವು ರಚಿತವಾಗಿವೆ. ಇವುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು. ವಿಲ್ಹೆಲ್ಮ್ ಫರ್ಟ್‌ವೆಂಗ್ಲರ್ ಅವರು ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಿರ್ದೇಶಿಸಿದರು. ಈ ಪ್ರದರ್ಶನಕ್ಕೆ ಹಣದ ಖಾತರಿ ನೀಡಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. ತಾವು ಲಂಡನ್ನಿಗೆ ಹೋಗಲು ಸಾಧ್ಯವಾಗದ ಕಾರಣ, ಗೀತೆಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡನ್ನೂ ಅವರು ಮಾಡಿಸಿದರು. ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಗೀತೆಗಳ ಚೊಚ್ಚಲ ಗಾಯನ ಇಂದಿಗೂ ಕೇಳಲು ದೊರೆಯುವುದರ ಹಿಂದೆ ಈ ಏರ್ಪಾಡಿನ ಕಥೆಯಿದೆ.

ಗೀತೆಗಳ ರಚನೆ

ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1945ರ ಅಕ್ಟೋಬರ್‌ನಲ್ಲಿ ಸ್ಟ್ರೌಸ್ ದಂಪತಿಗಳು ಜರ್ಮನಿಯನ್ನು ತೊರೆದು ಸ್ವಿಟ್ಜರ್ಲೆಂಡಿಗೆ ಹೋದರು. ಅವರ ಕೃತಿಗಳು ಪ್ರದರ್ಶನಗೊಂಡಿದ್ದ ಮ್ಯೂನಿಕ್‌ನ ಸಂಗೀತನಾಟಕ ಮಂದಿರ ಬಾಂಬ್ ದಾಳಿಗೆ ಸಿಕ್ಕಿ ನಾಶವಾಗಿತ್ತು. ನಾಟ್ಸಿ ಆಡಳಿತದ ಆರಂಭದ ವರ್ಷಗಳಲ್ಲಿ ಸ್ಟ್ರೌಸ್ ಅಲ್ಲಿನ ಸರ್ಕಾರಿ ಸಂಗೀತ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾರಣ, ಯುದ್ಧಾನಂತರ ಅವರು ವಿಚಾರಣೆಯನ್ನು ಎದುರಿಸಬೇಕಾಯಿತು. 1948ರಲ್ಲಿ ಅವರು ದೋಷಮುಕ್ತರೆಂದು ತೀರ್ಮಾನವಾಯಿತು. ಹೋಟೆಲುಗಳಲ್ಲಿ ವಾಸಿಸುತ್ತಿದ್ದ ಆ ದಿನಗಳಲ್ಲಿಯೇ ಈ ಗೀತೆಗಳು ಹುಟ್ಟಿದವು.

ಮೊದಲು ಸಿದ್ಧವಾದದ್ದು *ಇಮ್ ಆಬೆಂಡ್‌ರೋಟ್* (ಸಂಜೆಗೆಂಪಿನಲ್ಲಿ). ಇದು 1948ರ ಮೇ ತಿಂಗಳಿನಲ್ಲಿ ಮೊಂಟ್ರೋ ಪಟ್ಟಣದಲ್ಲಿ ಮುಗಿಯಿತು. ಜುಲೈನಲ್ಲಿ *ಫ್ರ್ಯೂಲಿಂಗ್* (ವಸಂತ), ಆಗಸ್ಟ್‌ನಲ್ಲಿ *ಬೈಮ್ ಶ್ಲಾಫೆನ್‌ಗೇಯೆನ್* (ಮಲಗುವ ಹೊತ್ತು), ಸೆಪ್ಟೆಂಬರ್ 20ರಂದು *ಸೆಪ್ಟೆಂಬರ್* ಪೂರ್ಣಗೊಂಡವು. ಸಂಜೆಗೆಂಪಿನ ಕವಿತೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ಕವಿ ಯೋಸೆಫ್ ಫಾನ್ ಐಶೆನ್‌ಡೋರ್ಫ್ ಅವರದು. ಉಳಿದ ಮೂರು, 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ ಅವರವು.

ಇವುಗಳಿಗೆ ‘ಕೊನೆಯ ಗೀತೆಗಳು’ ಎಂಬ ಹೆಸರನ್ನು ಇಟ್ಟವರು ಸ್ಟ್ರೌಸ್ ಅಲ್ಲ. ಅವರು 1949ರ ಸೆಪ್ಟೆಂಬರ್ 8ರಂದು ನಿಧನರಾದ ಮೇಲೆ, ಬೂಸಿ ಅಂಡ್ ಹಾಕ್ಸ್ ಪ್ರಕಾಶನದ ಅರ್ನ್ಸ್ಟ್ ರೋಟ್ ನಾಲ್ಕನ್ನೂ ಒಟ್ಟುಗೂಡಿಸಿ ಈ ಹೆಸರಿನಿಂದ 1950ರಲ್ಲಿ ಪ್ರಕಟಿಸಿದರು. ಇಂದು ರೂಢಿಯಲ್ಲಿರುವ ‘ವಸಂತ, ಸೆಪ್ಟೆಂಬರ್, ಮಲಗುವ ಹೊತ್ತು, ಸಂಜೆಗೆಂಪಿನಲ್ಲಿ’ ಎಂಬ ಅನುಕ್ರಮವೂ ರೋಟ್ ಅವರದೇ. ಹೆಸರು ಅಕ್ಷರಶಃ ನಿಜವೂ ಅಲ್ಲ. 1948ರ ನವೆಂಬರ್‌ನಲ್ಲಿ ಸ್ಟ್ರೌಸ್ *ಮಾಲ್ವೆನ್* ಎಂಬ ಮತ್ತೊಂದು ಗೀತೆಯನ್ನು ರಚಿಸಿ, ಗಾಯಕಿ ಮರಿಯಾ ಯೆರಿಟ್ಸಾ ಅವರಿಗೆ ಕೊಟ್ಟಿದ್ದರು. ಆ ಹಸ್ತಪ್ರತಿ ಅವರ ಬಳಿಯೇ ಉಳಿದು, ಅವರ ಮರಣಾನಂತರವಷ್ಟೇ ಬೆಳಕಿಗೆ ಬಂದಿತು.

ಗೀತೆಗಳ ಸ್ವರೂಪ

ಕನ್ನಡದ ಸುಗಮ ಸಂಗೀತದಲ್ಲಿ ಒಬ್ಬ ಕವಿ ಬರೆದ ಕವಿತೆಗೆ ಬೇರೊಬ್ಬರು ರಾಗ ಸಂಯೋಜಿಸುವಂತೆ, ಜರ್ಮನ್ ಭಾಷೆಯಲ್ಲಿಯೂ ಕವಿತೆಗಳಿಗೆ ಸಂಗೀತ ಕೂಡಿಸುವ ದೀರ್ಘ ಪರಂಪರೆಯಿದೆ. ಅಂತಹ ಗೀತೆಯನ್ನು ‘ಲೀಡ್’ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಪಿಯಾನೊ ಒಂದೇ ಪಕ್ಕವಾದ್ಯ. ಸ್ಟ್ರೌಸ್ ಇಲ್ಲಿ ಇಡೀ ವಾದ್ಯವೃಂದವನ್ನು ಬಳಸಿದ್ದಾರೆ. ಪಕ್ಕವಾದ್ಯದವರು ನುಡಿಸಬೇಕಾದ ಪ್ರತಿಯೊಂದು ಸ್ವರವೂ ಮುಂಚಿತವಾಗಿ ಲಿಪಿಯಲ್ಲಿ ಬರೆದಿರುತ್ತದೆ. ಕರ್ನಾಟಕ ಸಂಗೀತದಂತೆ ಮನೋಧರ್ಮದ ವಿಸ್ತಾರಕ್ಕೆ ಇಲ್ಲಿ ಎಡೆಯಿಲ್ಲ.

‘ವಸಂತ’ವನ್ನು ಬಿಟ್ಟರೆ ಉಳಿದ ಮೂರು ಗೀತೆಗಳ ವಸ್ತು ಬಾಳಿನ ಮುಕ್ತಾಯವನ್ನು ಶಾಂತವಾಗಿ ಎದುರುನೋಡುವುದೇ ಆಗಿದೆ. ‘ಸೆಪ್ಟೆಂಬರ್’ ಗೀತೆಯ ಕೊನೆಯಲ್ಲಿ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯ ಏಕಾಂಗಿಯಾಗಿ ನುಡಿಯುತ್ತದೆ. ಸ್ಟ್ರೌಸ್ ಅವರ ತಂದೆ ಫ್ರಾಂಟ್ಸ್ ಸ್ಟ್ರೌಸ್ ಮ್ಯೂನಿಕ್‌ನಲ್ಲಿ ಆ ವಾದ್ಯದ ಹೆಸರಾಂತ ಕಲಾವಿದರಾಗಿದ್ದರು. ‘ಮಲಗುವ ಹೊತ್ತು’ ಗೀತೆಯ ನಡುವೆ ಪಿಟೀಲಿನ ದೀರ್ಘ ಏಕವಾದನವಿದೆ. ‘ಸಂಜೆಗೆಂಪಿನಲ್ಲಿ’ ಎಂಬುದು ಜೊತೆಯಾಗಿ ಬಾಳಿ ದಣಿದ ವೃದ್ಧ ದಂಪತಿಗಳ ಕವಿತೆ. ಅದರಲ್ಲಿ ಬರುವ ಎರಡು ಬಾನಕ್ಕಿಗಳ ದನಿಯನ್ನು ಕೊಳಲುಗಳ ಕಂಪಿತ ಸ್ವರಗಳು ಸೂಚಿಸುತ್ತವೆ. ಇದು ಸಾವೇ ಇರಬಹುದೇ ಎಂದು ಕವಿತೆ ಕೇಳುವ ಸ್ಥಳದಲ್ಲಿ, ಸ್ಟ್ರೌಸ್ ತಾವು ಸುಮಾರು ಅರವತ್ತು ವರ್ಷಗಳ ಹಿಂದೆ ರಚಿಸಿದ್ದ *ಮರಣ ಮತ್ತು ರೂಪಾಂತರ* ಎಂಬ ವಾದ್ಯಕೃತಿಯ ಒಂದು ಸ್ವರಗುಚ್ಛವನ್ನು ಮೆಲ್ಲನೆ ಸೇರಿಸಿದ್ದಾರೆ. ಅವರ ಪತ್ನಿ ಪೌಲೀನ ಸ್ವತಃ ಸೊಪ್ರಾನೊ ಗಾಯಕಿಯಾಗಿದ್ದರು. 1894ರಲ್ಲಿ ಇವರ ವಿವಾಹವಾಗಿತ್ತು. ಪೌಲೀನ 1950ರ ಮೇ 13ರಂದು, ಅಂದರೆ ಗೀತೆಗಳ ಮೊದಲ ಪ್ರದರ್ಶನಕ್ಕೆ ಕೇವಲ ಒಂಬತ್ತು ದಿನ ಮುಂಚೆ, ತೀರಿಕೊಂಡರು.

ಮೈಸೂರು ಅರಮನೆ ಮತ್ತು ಪಾಶ್ಚಾತ್ಯ ಸಂಗೀತ

ಲಂಡನ್ನಿನ ಸಂಗೀತ ಕಚೇರಿಯೊಂದಕ್ಕೆ ಮೈಸೂರಿನಿಂದ ಹಣ ಹೋದದ್ದು ಆಕಸ್ಮಿಕವಲ್ಲ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಮೊದಲಾದ ವಿದ್ವಾಂಸರಿಗೆ ಆಶ್ರಯವಾಗಿದ್ದ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಮೇಳವೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರಾಗಿದ್ದು, ಎರಡೂ ಪದ್ಧತಿಗಳಿಗೆ ಪ್ರೋತ್ಸಾಹ ನೀಡಿದರು. ಅವರ ಕಾಲದಲ್ಲಿ ಜರ್ಮನಿಯ ಓಟೋ ಷ್ಮಿಟ್ ಅರಮನೆಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿ ಸೇವೆ ಸಲ್ಲಿಸಿದರು.

ನಾಲ್ವಡಿಯವರ ತಮ್ಮನ ಮಗನಾದ ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಿದರು. ಅವರು ಪಿಯಾನೊ ವಾದನವನ್ನು ಶ್ರದ್ಧೆಯಿಂದ ಕಲಿತಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮನ್ನಣೆಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ದೊರೆತಿದ್ದವು. ಇದೇ 1940ರ ದಶಕದಲ್ಲಿ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದತ್ತ ಒಲಿದು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಯೂರೋಪಿನ ಸಂಗೀತವನ್ನು ಮೈಸೂರಿನಲ್ಲಿದ್ದುಕೊಂಡು ಕೇಳಲು ಆ ಕಾಲದಲ್ಲಿ ಇದ್ದ ಮುಖ್ಯ ಸಾಧನ ಗ್ರಾಮಫೋನ್. ಮಹಾರಾಜರ ಸಂಗ್ರಹದಲ್ಲಿ 1950ರ ಹೊತ್ತಿಗೆ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂದು ಅಂದಾಜು ಮಾಡಲಾಗಿತ್ತು. ಯಾರೂ ಮುದ್ರಿಸದ ಸಂಗೀತ ಆ ಸಂಗ್ರಹಕ್ಕೆ ಬರುವ ದಾರಿಯಿರಲಿಲ್ಲ. ಆದುದರಿಂದ ಸಿದ್ಧ ಮುದ್ರಿಕೆಗಳನ್ನು ಕೊಳ್ಳುವುದಷ್ಟಕ್ಕೇ ನಿಲ್ಲದೆ, ಮುದ್ರಣವಾಗದ ಸಂಗೀತವನ್ನು ಮುದ್ರಿಸುವ ವೆಚ್ಚವನ್ನು ತಾವೇ ಭರಿಸಲು ಅವರು ಮುಂದಾದರು.

ಮೆಟ್ನರ್ ಸೊಸೈಟಿ

ಇಂತಹ ಪ್ರಯತ್ನಗಳಲ್ಲಿ ಮೊದಲನೆಯದು ರಷ್ಯಾದ ನಿಕೊಲಾಯ್ ಮೆಟ್ನರ್ (1880–1951) ಅವರಿಗೆ ಸಂಬಂಧಿಸಿದ್ದು. ಮೆಟ್ನರ್ ಮಾಸ್ಕೋದಲ್ಲಿ ಹುಟ್ಟಿದ ರಚನಕಾರ ಹಾಗೂ ಪಿಯಾನೊ ವಾದಕ. ಕ್ರಾಂತಿಯ ಬಳಿಕ 1921ರಲ್ಲಿ ದೇಶ ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಯುದ್ಧಕಾಲದಲ್ಲಿ ಆದಾಯ ಕುಗ್ಗಿತು. 1942ರಲ್ಲಿ ಹೃದಯಾಘಾತವೂ ಆಯಿತು. ಅವರ ಸಂಗೀತ ಹಳೆಯ ಶೈಲಿಯದೆಂದು ಪರಿಗಣಿತವಾಗಿದ್ದುದರಿಂದ, ಅದನ್ನು ದೊಡ್ಡ ಪ್ರಮಾಣದಲ್ಲಿ ಮುದ್ರಿಸುವ ಉತ್ಸಾಹ ಕಂಪನಿಗಳಿಗೆ ಇರಲಿಲ್ಲ.

ಜಯಚಾಮರಾಜ ಒಡೆಯರ ಧನಸಹಾಯದಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. 1946ರಿಂದ 1950ರ ಅವಧಿಯಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಮೆಟ್ನರ್ ಅವರ ಮೂರು ಪಿಯಾನೊ ಕಾಂಚೆರ್ಟೊಗಳನ್ನು ಅವರ ಸ್ವಂತ ವಾದನದಲ್ಲಿಯೇ ಮುದ್ರಿಸಿತು. ಜೊತೆಗೆ ಕಿರುಕೃತಿಗಳೂ ಗೀತೆಗಳೂ ಮುದ್ರಣಗೊಂಡವು. ಗೀತೆಗಳನ್ನು ಹಾಡಿದವರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಒಬ್ಬರು. ಮೆಟ್ನರ್ ತಮ್ಮ ಮೂರನೆಯ ಕಾಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್‌ನಲ್ಲಿ ಅವರು ನಿಧನರಾದರು. ಮುದ್ರಣ ಕೆಲವು ವರ್ಷ ತಡವಾಗಿದ್ದರೂ ಮೆಟ್ನರ್ ತಮ್ಮ ಕಾಂಚೆರ್ಟೊಗಳನ್ನು ನುಡಿಸುತ್ತಿದ್ದ ಬಗೆ ಉಳಿಯುತ್ತಿರಲಿಲ್ಲ.

ವಾಲ್ಟರ್ ಲೆಗ್ ಮತ್ತು ಫಿಲ್ಹಾರ್ಮೋನಿಯಾ

ಈ ಮುದ್ರಣಗಳ ಮೂಲಕ ಮೈಸೂರಿನ ಸಂಪರ್ಕಕ್ಕೆ ಬಂದವರು ವಾಲ್ಟರ್ ಲೆಗ್. ಅವರು ಧ್ವನಿಮುದ್ರಣಗಳ ನಿರ್ಮಾಪಕರಾಗಿದ್ದು, 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಸ್ಥಾಪಿಸಿದ್ದರು. ಮಹಾರಾಜರ ಆಹ್ವಾನದ ಮೇರೆಗೆ ಲೆಗ್ ಮೈಸೂರಿಗೂ ಬಂದಿದ್ದರು. ಅರಮನೆಯ ಧ್ವನಿಮುದ್ರಿಕೆಗಳ ಸಂಗ್ರಹ, ಬಗೆಬಗೆಯ ಧ್ವನಿವರ್ಧಕಗಳು ಮತ್ತು ಪಿಯಾನೊಗಳನ್ನು ಕಂಡು ಬೆರಗಾದುದನ್ನು ಅವರು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಅವರ ಬರಹದ ಪ್ರಕಾರ, ವಾದ್ಯವೃಂದ ಭದ್ರವಾಗಿ ನೆಲೆಗೊಳ್ಳಲು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವನ್ನು ನೀಡಲು ಮಹಾರಾಜರು ಒಪ್ಪಿದರು. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಜಯಚಾಮರಾಜ ಒಡೆಯರೇ.

ಇದೇ ವಾದ್ಯವೃಂದಕ್ಕೂ ಸ್ಟ್ರೌಸ್ ಅವರಿಗೂ ಮೊದಲೇ ಪರಿಚಯವಿತ್ತು. 1947ರ ಅಕ್ಟೋಬರ್‌ನಲ್ಲಿ ಲಂಡನ್ನಿಗೆ ಬಂದಿದ್ದ ಅವರು, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫಿಲ್ಹಾರ್ಮೋನಿಯಾವನ್ನು ಸ್ವತಃ ನಿರ್ದೇಶಿಸಿದ್ದರು.

ಮೊದಲ ಪ್ರದರ್ಶನ

ಗಾಯಕಿಯ ಆಯ್ಕೆ ಸ್ಟ್ರೌಸ್ ಅವರದೇ ಆಗಿತ್ತು. 1949ರ ಮೇ ತಿಂಗಳಿನಲ್ಲಿ ಅವರು ಫ್ಲಾಗ್‌ಸ್ಟಾಡ್ ಅವರಿಗೆ ಪತ್ರ ಬರೆದು, ಉತ್ತಮ ದರ್ಜೆಯ ನಿರ್ದೇಶಕ ಮತ್ತು ವಾದ್ಯವೃಂದದೊಡನೆ ಈ ಗೀತೆಗಳ ಮೊದಲ ಗಾಯನವನ್ನು ನಡೆಸಿಕೊಡಬೇಕೆಂದು ಕೋರಿದ್ದರು. ನಾಲ್ಕೇ ತಿಂಗಳಲ್ಲಿ ಅವರು ತೀರಿಕೊಂಡರು.

ಫ್ಲಾಗ್‌ಸ್ಟಾಡ್ ಅಂದಿನ ಪ್ರಮುಖ ಸೊಪ್ರಾನೊಗಳಲ್ಲಿ ಒಬ್ಬರಾಗಿದ್ದರೂ ಅವರ ಹೆಸರು ಆಗ ವಿವಾದದಿಂದ ಮುಕ್ತವಾಗಿರಲಿಲ್ಲ. 1941ರಲ್ಲಿ ಅವರು ಅಮೆರಿಕದಿಂದ, ಜರ್ಮನರ ವಶದಲ್ಲಿದ್ದ ನಾರ್ವೆಗೆ ಪತಿಯ ಬಳಿಗೆ ಮರಳಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕದ ಕೆಲವು ಸಭಾಂಗಣಗಳ ಮುಂದೆ ಅವರ ವಿರುದ್ಧ ಪ್ರತಿಭಟನೆಗಳು ನಡೆದವು. ಜರ್ಮನಿಯಲ್ಲಿಯೇ ಉಳಿದಿದ್ದ ಫರ್ಟ್‌ವೆಂಗ್ಲರ್ ಸಹ ಯುದ್ಧಾನಂತರ ವಿಚಾರಣೆಗೊಳಗಾಗಿ ದೋಷಮುಕ್ತರಾಗಿದ್ದರು. ಆದರೂ ಪ್ರತಿಭಟನೆಗಳಿಂದಾಗಿ ಷಿಕಾಗೊ ವಾದ್ಯವೃಂದದೊಡನೆ ಅವರ ಒಪ್ಪಂದ ಮುರಿದುಬಿದ್ದಿತ್ತು. ಹೀಗೆ ರಚನಕಾರ, ಗಾಯಕಿ, ನಿರ್ದೇಶಕ ಮೂವರ ಮೇಲೂ ಯುದ್ಧದ ನೆರಳಿತ್ತು.

ಈ ಸಂದರ್ಭದಲ್ಲಿ ಜಯಚಾಮರಾಜ ಒಡೆಯರು ಪ್ರದರ್ಶನಕ್ಕೆ 4,800 ಡಾಲರುಗಳ ಖಾತರಿ ನೀಡಿದರು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 23,000 ರೂಪಾಯಿ. ಖಾತರಿ ಎಂದರೆ, ಟಿಕೆಟ್ ಮಾರಾಟದಿಂದ ಖರ್ಚು ಹುಟ್ಟದೇ ಹೋದರೆ ಆ ಮೊತ್ತದವರೆಗೆ ನಷ್ಟವನ್ನು ತುಂಬಿಕೊಡುವ ಹೊಣೆ. ಮಹಾರಾಜರು ಈ ಗೀತೆಗಳನ್ನು ಬರೆಯಿಸಿದವರಲ್ಲ. ಅವು 1948ರಲ್ಲಿಯೇ ಸಿದ್ಧವಾಗಿದ್ದವು. ಅವರ ನೆರವು ಮೊದಲ ಪ್ರದರ್ಶನ ಮತ್ತು ಅದರ ಧ್ವನಿಮುದ್ರಣಕ್ಕೆ ಸಂಬಂಧಿಸಿದ್ದು.

ಪ್ರದರ್ಶನದ ದಿನ ಗೀತೆಗಳನ್ನು ‘ಮಲಗುವ ಹೊತ್ತು, ಸೆಪ್ಟೆಂಬರ್, ವಸಂತ, ಸಂಜೆಗೆಂಪಿನಲ್ಲಿ’ ಎಂಬ ಅನುಕ್ರಮದಲ್ಲಿ ಹಾಡಲಾಯಿತು. ಇದು ಇಂದಿನ ಮುದ್ರಿತ ಅನುಕ್ರಮಕ್ಕಿಂತ ಭಿನ್ನವಾಗಿದೆ.

ಧ್ವನಿಮುದ್ರಣ

ಆ ಕಾಲದ ಸಾಮಾನ್ಯ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮೈಯಲ್ಲಿ ನಾಲ್ಕೈದು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಅರ್ಧ ಗಂಟೆಯ ಕೃತಿಯನ್ನು ಕೇಳಲು ಹಲವು ಬಾರಿ ತಟ್ಟೆಯನ್ನು ತಿರುವಿ ಹಾಕಬೇಕಾಗುತ್ತಿತ್ತು. ಇಂತಹ ತಟ್ಟೆಗಳ ತಯಾರಿಕೆಗೆ ಬೇಕಾದ ಅರಗು ಹೆಚ್ಚಾಗಿ ಭಾರತದಿಂದಲೇ ರಫ್ತಾಗುತ್ತಿತ್ತು. ಮಾರಾಟದ ಮುದ್ರಿಕೆಗಳನ್ನು ಸ್ಟುಡಿಯೊದಲ್ಲಿ ಮುದ್ರಿಸಿ, ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತುತ್ತಿದ್ದರು.

ಮೇ 22ರ ಪ್ರದರ್ಶನ ಮುದ್ರಣಗೊಂಡದ್ದು ಅಸಿಟೇಟ್ ತಟ್ಟೆಗಳ ಮೇಲೆ. ಇವು ಮೆದು ಲೇಪವಿರುವ ತಟ್ಟೆಗಳು. ಸಂಗೀತ ನಡೆಯುತ್ತಿರುವಾಗಲೇ ಮುಳ್ಳು ಲೇಪವನ್ನು ಕೊರೆದು ಗೆರೆ ಮೂಡಿಸುತ್ತದೆ. ಅಚ್ಚು ತೆಗೆಯದೆಯೇ ತಟ್ಟೆಯನ್ನು ಕೂಡಲೇ ಕೇಳಬಹುದು. ಸಭಾಂಗಣದಲ್ಲಿ ನಡೆಯುವ ಕಚೇರಿಯನ್ನು ಇದ್ದಂತೆಯೇ ಹಿಡಿದಿಡಲು ಇದು ಅನುಕೂಲ. ಆದರೆ ಲೇಪ ಮೆದುವಾಗಿರುವುದರಿಂದ ಪ್ರತಿ ಸಾರಿ ಕೇಳಿದಾಗಲೂ ಮುಳ್ಳು ಅದನ್ನು ಸವೆಸುತ್ತದೆ. ಕೇಳುವುದೇ ಅದರ ನಾಶಕ್ಕೆ ಕಾರಣವಾಗುತ್ತದೆ.

ಈ ಗೀತೆಗಳ ತಟ್ಟೆಗಳಿಗೂ ಹಾಗೆಯೇ ಆಯಿತು. ಅವುಗಳಿಂದ ಮೊದಲ ಬಾರಿಗೆ ಲಾಂಗ್ ಪ್ಲೇ ಮುದ್ರಿಕೆ ಸಿದ್ಧವಾಗುವ ಹೊತ್ತಿಗೆ ಅವು ಬಹಳ ಸವೆದಿದ್ದವು. ಕರಕರ ಸದ್ದಿನ ಆ ಮುದ್ರಿಕೆಯನ್ನು ವಿಮರ್ಶಕರು ಮೆಚ್ಚಲಿಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿ ಡಿಜಿಟಲ್ ತಂತ್ರಜ್ಞಾನದ ನೆರವಿನಿಂದ ಇದನ್ನು ಶುದ್ಧೀಕರಿಸುವ ಪ್ರಯತ್ನಗಳು ನಡೆದು, ಹಿಂದಿಗಿಂತ ಸ್ಪಷ್ಟವಾದ ಪ್ರತಿಗಳು ದೊರೆಯುವಂತಾಯಿತು.

ಕಾಲ ಸಂದರ್ಭ

ಈ ನೆರವು ಬಂದ ಕಾಲವನ್ನು ಗಮನಿಸಬೇಕು. 1947ರ ಮೈಸೂರು ಚಲೋ ಚಳವಳಿಯ ಫಲವಾಗಿ ಆ ವರ್ಷದ ಅಕ್ಟೋಬರ್‌ನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾಯಿತು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದು, ಮೈಸೂರು ಗಣರಾಜ್ಯದ ಒಂದು ರಾಜ್ಯವಾಯಿತು. ಜಯಚಾಮರಾಜ ಒಡೆಯರು ಅದರ ರಾಜಪ್ರಮುಖರಾದರು. ಲಂಡನ್ನಿನ ಪ್ರದರ್ಶನ ನಡೆದದ್ದು ಇದಾದ ನಾಲ್ಕು ತಿಂಗಳಿಗೆ. ಮಹಾರಾಜ ಎಂಬ ಬಿರುದು ಉಳಿದಿತ್ತು, ಆಳ್ವಿಕೆ ಉಳಿದಿರಲಿಲ್ಲ. ಆದಾಯವೂ ಸರ್ಕಾರ ನಿಗದಿಪಡಿಸಿದ ರಾಜಧನಕ್ಕೆ ಸೀಮಿತವಾಗುತ್ತಿತ್ತು. ವಿದೇಶದ ವಾದ್ಯವೃಂದಕ್ಕೆ ಅರಮನೆ ಪೋಷಕನಾಗಿ ನಿಲ್ಲುವ ಕಾಲ ಮುಗಿಯುತ್ತ ಬಂದಿತ್ತು.

ಪ್ರಜೆಗಳ ತೆರಿಗೆಯಿಂದ ಬೆಳೆದ ಸಂಸ್ಥಾನದ ಸಂಪತ್ತು ದೂರದ ಸಂಗೀತಕ್ಕೆ ಸಲ್ಲಬೇಕಿತ್ತೇ ಎಂಬ ಪ್ರಶ್ನೆ ಅರಸೊತ್ತಿಗೆಯ ಎಲ್ಲ ಕಲಾಪೋಷಣೆಗೂ ಅನ್ವಯಿಸುವಂಥದು. ಇಲ್ಲಿಯೂ ಅದು ಸಹಜ. ಆ ಹಣದಿಂದ ಉಳಿದದ್ದೇನು ಎಂಬುದು ಮಾತ್ರ ಸ್ಪಷ್ಟವಾಗಿದೆ: ಮೆಟ್ನರ್ ಅವರ ಸ್ವಂತ ವಾದನ, ಆರಂಭದ ವರ್ಷಗಳನ್ನು ದಾಟಿ ಬೆಳೆದ ಒಂದು ವಾದ್ಯವೃಂದ, ಮತ್ತು ಸ್ಟ್ರೌಸ್ ಗೀತೆಗಳ ಮೊದಲ ಗಾಯನ.

ನಂತರದ ಮುದ್ರಣಗಳು

ನಾಲ್ಕು ಕೊನೆಯ ಗೀತೆಗಳು ಶೀಘ್ರದಲ್ಲಿಯೇ ಸೊಪ್ರಾನೊ ಗಾಯಕಿಯರ ಮುಖ್ಯ ಕೃತಿಗಳ ಸಾಲಿಗೆ ಸೇರಿದವು. 1953ರಲ್ಲಿ ಲೀಸಾ ಡೆಲ್ಲಾ ಕಾಸಾ ಮತ್ತು ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಇವುಗಳನ್ನು ಪ್ರತ್ಯೇಕವಾಗಿ ಸ್ಟುಡಿಯೊದಲ್ಲಿ ಮುದ್ರಿಸಿದರು. ಶ್ವಾರ್ಟ್ಸ್‌ಕಾಫ್ ಅವರ ಆ ಮುದ್ರಣದಲ್ಲಿ ನುಡಿಸಿದ್ದು ಫಿಲ್ಹಾರ್ಮೋನಿಯಾ ವಾದ್ಯವೃಂದವೇ. 1965ರಲ್ಲಿ ಜಾರ್ಜ್ ಸೆಲ್ ನಿರ್ದೇಶನದಲ್ಲಿ ಶ್ವಾರ್ಟ್ಸ್‌ಕಾಫ್ ಮಾಡಿದ ಎರಡನೆಯ ಮುದ್ರಣ ಮತ್ತು 1982ರಲ್ಲಿ ಜೆಸ್ಸಿ ನಾರ್ಮನ್ ಹಾಡಿದ ಮುದ್ರಣ ಹೆಚ್ಚು ಜನಪ್ರಿಯವಾಗಿವೆ. ಧ್ವನಿಯ ಸ್ಪಷ್ಟತೆಯಲ್ಲಿ ಇವೆಲ್ಲವೂ 1950ರ ಮುದ್ರಣಕ್ಕಿಂತ ಬಹಳ ಮೇಲು.

ಮಹತ್ವ

ಸ್ವರಲಿಪಿಯು ಯಾವ ಸ್ವರವನ್ನು ಎಷ್ಟು ಮಾತ್ರೆ ಹಾಡಬೇಕೆಂದು ತಿಳಿಸುತ್ತದೆ. ಕಾಲಗತಿ ಎಲ್ಲಿ ಸಡಿಲವಾಗಬೇಕು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಕೊನೆಯ ಸಾಲಿನ ತೂಕವೆಷ್ಟು ಎಂಬುದನ್ನು ಅದು ಪೂರ್ಣವಾಗಿ ಹೇಳಲಾರದು. ಗುರುಮುಖವಾಗಿ ಬಂದ ಪಾಠಾಂತರಕ್ಕೆ ಕರ್ನಾಟಕ ಸಂಗೀತದಲ್ಲಿ ಬೆಲೆ ಇರುವುದು ಇದೇ ಕಾರಣಕ್ಕೆ. ಸ್ಟ್ರೌಸ್ ತಮ್ಮ ಗೀತೆಗಳನ್ನು ಕೇಳದೆಯೇ ತೀರಿಕೊಂಡರು. ಅವರು ಬಯಸಿದ್ದ ಕಂಠ ಅವುಗಳನ್ನು ಮೊದಲ ಬಾರಿಗೆ ಹೇಗೆ ಹಾಡಿತು ಎಂಬುದಕ್ಕೆ ಈ ಮುದ್ರಣವೇ ಸಾಕ್ಷ್ಯ. ಗಾಯಕಿಗೆ ಆಗ 54 ವರ್ಷ. ಸವೆದ ತಟ್ಟೆಯ ಸದ್ದಿನ ನಡುವೆಯೂ ಅವರ ಕಂಠದ ಗಾತ್ರ ಗುರುತಿಸುವಂತಿದೆ.

ಜಯಚಾಮರಾಜ ಒಡೆಯರು ಮುಂದೆ ಮೈಸೂರು ಮತ್ತು ಮದ್ರಾಸ್ ರಾಜ್ಯಗಳ ರಾಜ್ಯಪಾಲರಾಗಿ ಸೇವೆ ಸಲ್ಲಿಸಿ, 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಕರ್ನಾಟಕದಲ್ಲಿ ಅವರು ಹೆಚ್ಚಾಗಿ ನೆನಪಾಗುವುದು ಶ್ರೀವಿದ್ಯಾ ಅಂಕಿತದ ಕೃತಿಗಳಿಂದ. ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಅವರ ಹೆಸರು ಮೆಟ್ನರ್ ಅವರ ಮೂರನೆಯ ಕಾಂಚೆರ್ಟೊದ ಅರ್ಪಣೆಯಲ್ಲಿಯೂ, ಮೈಸೂರಿಗೆಂದು ಮುದ್ರಿಸಲಾದ ಈ ನಾಲ್ಕು ಗೀತೆಗಳ ವೃತ್ತಾಂತದಲ್ಲಿಯೂ ಉಳಿದಿದೆ.